ನೀರುನಾಯಿಯ ಹಲ್ಲುನೋವು

ನನಗೆ ಅರಸಿನ ಕಾಮಾಲೆ ಎಂದು ಊರಿಗೆಲ್ಲ ಸಾರಿದವಳು ನನ್ನ ಅಕ್ಕ. ಮಣಿಪಾಲದಲ್ಲಿ ಬಯಾಪ್ಸಿ ವರದಿ ಕೈಗೆ ಸಿಕ್ಕಿ ಅರ್ಧ ಗಂಟೆಯೂ ಆಗಿರಲಿಲ್ಲ. ಎಡ ಸ್ತನದಲ್ಲಿದ್ದ ಗಂಟು ಕ್ಯಾನ್ಸರ್ ಎಂದು ಡಾಕ್ಟರಮ್ಮ ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದ್ದರು. ನಾನು, ನನ್ನ ಗಂಡ ಸುಧಾಕರ್, ಕಾರ್ಕಳದಿಂದ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಿದ್ದ ಜಯಕ್ಕ, ಮೂವರೂ ಪಾರ್ಕಿಂಗ್ ಜಾಗದಲ್ಲಿ ಕಾರಿನೊಳಗೆ ಕುಳಿತಿದ್ದೆವು. ಆಗ ಪಕ್ಕದ ಮನೆಯ ವಿಮಲಕ್ಕನ ಫೋನ್ ಬಂತು. ಜಯಕ್ಕ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, "ಕಾಮಾಲೆಯಂತೆ ವಿಮಲಕ್ಕ. ಸ್ವಲ್ಪ ಜಾಸ್ತಿಯೇ ಉಂಟು" ಎಂದಳು.

"ಯಾಕೆ ಹಾಗೆ ಹೇಳಿದಿ?" ಎಂದು ಕೇಳಿದೆ.

"ಮತ್ತೆಂತ ಹೇಳುವುದು ಶೋಭಾ? ಕ್ಯಾನ್ಸರ್ ಅಂದರೆ ನಾಳೆಯೇ ಎಲ್ಲರೂ ನಿನ್ನ ಮುಖ ನೋಡಲಿಕ್ಕೆ ಬರುತ್ತಾರೆ. ಒಬ್ಬರಲ್ಲ ಒಬ್ಬರು ಧನ್ಯಾಳ ಎದುರು ಬಾಯಿ ಬಿಡುತ್ತಾರೆ. ಬೆಕ್ಕು ಸತ್ತದ್ದಕ್ಕೆ ಮೂರು ದಿನ ಊಟ ಬಿಟ್ಟ ಮಗು ಅದು."

ಧನ್ಯಾ ನಮ್ಮ ಒಬ್ಬಳೇ ಮಗಳು. ಆಗ ಅವಳಿಗೆ ಒಂಬತ್ತು ವರ್ಷ. ಬೆಕ್ಕಿನ ಮಾತು ನಿಜವೇ. ಕೆಲವು ವರ್ಷ ಹಿಂದೆ ಹೆದ್ದಾರಿ ದಾಟಲು ಹೋಗಿ ಲಾರಿಯಡಿ ಸಿಕ್ಕಿದ್ದ ಆ ಬೆಕ್ಕನ್ನು ನೆನೆದು ಅವಳು ತಿಂಗಳುಗಟ್ಟಲೆ ಅತ್ತಿದ್ದಳು. ಸುಧಾಕರ್‌ಗೆ ಪಡುಬಿದ್ರಿಯಲ್ಲಿ ಬ್ಯಾಟರಿ ಅಂಗಡಿಯಿದೆ. ಹೆಚ್ಚು ಮಾತಿನವರಲ್ಲ. ಸ್ಟೀರಿಂಗ್ ಹಿಡಿದುಕೊಂಡೇ, "ಮಗುವಿಗೆ ಗೊತ್ತಾಗುವುದು ಬೇಡ" ಎಂದಷ್ಟೇ ಹೇಳಿದರು. ನಾನೂ ಹೂಂ ಎಂದೆ. ಕಾಪುವಿನ ನಮ್ಮ ಮನೆ ಮುಟ್ಟುವಷ್ಟರಲ್ಲಿ ನನಗೆ ಕಾಮಾಲೆ ಹಿಡಿದು ಆಗಿತ್ತು.

ನಮ್ಮ ಕಡೆ ಕಾಮಾಲೆಗೆ ಮನೆಗೊಬ್ಬರು ವೈದ್ಯರಿದ್ದಾರೆ ಎಂಬುದು ಅಕ್ಕನಿಗೆ ಹೊಳೆಯಲಿಲ್ಲ. ಶಿರ್ವದಿಂದ ಪರಿಚಯದವರೊಬ್ಬರು ಕಿರುನೆಲ್ಲಿ ಅರೆದು ಬಾಟಲಿಯಲ್ಲಿ ತಂದರು. ಮಟ್ಟುವಿನ ಅಜ್ಜಿಯೊಬ್ಬರ ಮದ್ದು ಮೂರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಎಂದು ಬಂತು. ಅದನ್ನೆಲ್ಲ ಸುಧಾಕರ್ ಹಿತ್ತಿಲಿನ ತೆಂಗಿನ ಬುಡಕ್ಕೆ ಸುರಿದು ಬರುತ್ತಿದ್ದರು. ಆ ತೆಂಗಿನ ಮರಕ್ಕಂತೂ ಜನ್ಮದಲ್ಲಿ ಕಾಮಾಲೆ ಬರಲಿಕ್ಕಿಲ್ಲ.

ದೊಡ್ಡ ಎಡವಟ್ಟಾದದ್ದು ಪಥ್ಯದಲ್ಲಿ. ಕಾಮಾಲೆಯವರು ಮೀನು ಮುಟ್ಟಬಾರದು, ಎಣ್ಣೆ ಮುಟ್ಟಬಾರದು. ಕಿಮೋ ತೆಗೆದುಕೊಳ್ಳುವವರು ಮೀನು, ಮೊಟ್ಟೆ ಚೆನ್ನಾಗಿ ತಿನ್ನಬೇಕೆಂದು ಡಾಕ್ಟರಮ್ಮನ ಆಜ್ಞೆ. ಮೊದಲ ಕಿಮೋ ಆದ ಮೇಲೆ ನನ್ನ ಬಾಯಿಗೆ ಸೇರುತ್ತಿದ್ದದ್ದೂ ಹುರಿದ ಬಂಗುಡೆ ಒಂದೇ. ಕಿಟಕಿ ಬಾಗಿಲು ಮುಚ್ಚಿ, ಊದುಬತ್ತಿ ಹಚ್ಚಿ ಮೀನು ಹುರಿಯುತ್ತಿದ್ದೆವು. ಕಾಪುವಿನವರ ಮೂಗಿಗೆ ಊದುಬತ್ತಿ ಯಾವ ಲೆಕ್ಕ? ಒಂದು ದಿನ ವಿಮಲಕ್ಕ ಗೇಟಿನಲ್ಲಿ ಸುಧಾಕರ್‌ರನ್ನು ನಿಲ್ಲಿಸಿ ಕೇಳಿಯೇ ಬಿಟ್ಟರು: "ಹೆಂಡತಿ ಹಾಗೆ ಮಲಗಿರುವಾಗ ನಿಮ್ಮ ಗಂಟಲಲ್ಲಿ ಮೀನು ಹೇಗೆ ಇಳಿಯುತ್ತದೆ ಮಾರಾಯರೆ?" ಇವರು ತಲೆ ತಗ್ಗಿಸಿ, "ನಾಲಿಗೆ ಕೇಳುವುದಿಲ್ಲ ವಿಮಲಕ್ಕ" ಎಂದರು. ನಾನು ಒಳಗೆ ಮುಳ್ಳು ಬಿಡಿಸುತ್ತಾ ಕುಳಿತು ಅದನ್ನು ಕೇಳಿಸಿಕೊಂಡೆ. ಇಷ್ಟು ಒಳ್ಳೆಯ ಮನುಷ್ಯನಿಗೆ ನನ್ನಿಂದ ಈ ಅವಸ್ಥೆ ಬಂತಲ್ಲ ಎಂದು ಅಳು ಬಂತು.

ಕೂದಲು ಉದುರತೊಡಗಿದಾಗ ಕಾಮಾಲೆ ಸಾಲಲಿಲ್ಲ. ಬೇಗ ಗುಣವಾಗಲೆಂದು ತಿರುಪತಿಗೆ ಮುಡಿ ಹರಕೆ ಹೇಳಿದ್ದೆವು, ಹೋಗಿ ಒಪ್ಪಿಸಿ ಬಂದೆವು ಎಂದಾಯಿತು. ಎರಡು ದಿನ ಕಾರ್ಕಳದಲ್ಲಿ ಅಕ್ಕನ ಮನೆಯಲ್ಲಿ ಅಡಗಿ ಕುಳಿತೆ. ಬಾವಿಕಟ್ಟೆಯ ಬಳಿ ಸ್ಟೂಲ್ ಹಾಕಿ ಕೂರಿಸಿ ಅಕ್ಕ ನನ್ನ ತಲೆ ಬೋಳಿಸಿದಳು. ಕೈ ತಪ್ಪಿ ಕಿವಿಯ ಹಿಂದೆ ಒಂದು ಗೀರು ಬಿತ್ತು. "ನೋವಾಯಿತಾ?" ಎಂದು ಕೇಳಿದವಳೇ ಟ್ರಿಮ್ಮರ್ ಕೆಳಗಿಟ್ಟು, ನನ್ನ ಬೋಳು ತಲೆಯನ್ನು ಸೊಂಟಕ್ಕೆ ಅವಚಿಕೊಂಡು ಅತ್ತಳು. ಆಮೇಲೆ ಮುಖ ತೊಳೆದು ಬೇಕರಿಗೆ ಹೋಗಿ ಲಡ್ಡು ತಂದಳು, ಪ್ರಸಾದವೆಂದು ಹಂಚಲು. ಧನ್ಯಾ ಅದನ್ನು ಶಾಲೆಗೆ ಒಯ್ದು ತರಗತಿಯಲ್ಲೆಲ್ಲ ಹಂಚಿದಳು. "ನನ್ನ ಅಮ್ಮ ದೇವರಿಗೆ ಇಡೀ ಕೂದಲು ಕೊಟ್ಟದ್ದು" ಎಂದು ಹೆಮ್ಮೆಪಟ್ಟಳಂತೆ.

ಈಗ ಪುಸ್ತಕದ ವಿಷಯಕ್ಕೆ ಬರುತ್ತೇನೆ.

ನಾನು ಉಡುಪಿಯ ಒಂದು ಮುದ್ರಣಾಲಯದಲ್ಲಿ ಡಿಟಿಪಿ ಕೆಲಸದವಳು. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಸಂಘದ ವರದಿ ಇವನ್ನೆಲ್ಲ ಟೈಪ್ ಮಾಡಿ ಪುಟಕ್ಕೆ ಹೊಂದಿಸುವುದು. ಜಾಗ ಸಾಲದಿದ್ದರೆ ಎರಡು ಸಾಲು ತೆಗೆದು, ತೆಗೆದದ್ದು ಯಾರಿಗೂ ತಿಳಿಯದ ಹಾಗೆ ಮಾಡುವುದರಲ್ಲಿ ನನ್ನದು ಎತ್ತಿದ ಕೈ. ಮನೆಯಲ್ಲಿ ನಮ್ಮ ಮಾತು ತುಳು. ಆದರೆ ಸಂಜೆ ಧನ್ಯಾಳಿಗೆ ಕಥೆ ಓದುವುದು ಕನ್ನಡದಲ್ಲಿ. ಅವಳಿಗೆ ಬಹಳ ಇಷ್ಟವಾದದ್ದು ನಾನೂ ಚಿಕ್ಕವಳಿದ್ದಾಗ ಓದಿದ್ದ ಒಂದು ಹಳೆಯ ಸಾಹಸದ ಕಥೆ. ಮೂಲ ಯಾವುದೋ ಹೊರದೇಶದ್ದು. ಅಲೆಗಳೆಲ್ಲ ನಿಂತುಹೋದ ಒಂದು ಸಮುದ್ರ. ಅದನ್ನು ನಿಲ್ಲಿಸಿದ್ದು ಯಾರೆಂದು ಹುಡುಕಲು ರೂನಾ ಎಂಬ ಹುಡುಗಿ ಸಣ್ಣ ದೋಣಿಯಲ್ಲಿ ಹೊರಡುತ್ತಾಳೆ. ಅವಳ ಜೊತೆಗೆ ಮಾತಾಡುವ ಒಂದು ಮುದಿ ನೀರುನಾಯಿ. ಮಹಾ ಗೊಣಗಾಟದ ಪ್ರಾಣಿ, ದೋಣಿ ಅಲ್ಲಾಡಿದರೂ ತಪ್ಪು, ಅಲ್ಲಾಡದಿದ್ದರೂ ತಪ್ಪು. ನಾನು ಅದರ ಗೊಣಗಾಟವನ್ನು ನಮ್ಮ ಅಜ್ಜನ ದನಿಯಲ್ಲಿ ಓದಿದರೆ ಧನ್ಯಾ ಬಿದ್ದು ಬಿದ್ದು ನಗುತ್ತಿದ್ದಳು.

ಹನ್ನೆರಡನೆಯ ಅಧ್ಯಾಯದಲ್ಲಿ ಆ ನೀರುನಾಯಿ ಸಾಯುತ್ತದೆ. ಸುಳಿಯಲ್ಲಿ ಸಿಕ್ಕಿದ ದೋಣಿಯ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ರೂನಾ ಬಂಡೆ ಹತ್ತಿ ಬದುಕಿಕೊಳ್ಳುವಂತೆ ಮಾಡುತ್ತದೆ. ಬೆಳಕು ಹರಿದಾಗ ಹಗ್ಗ ಅದರ ಬಾಯಲ್ಲೇ ಇರುತ್ತದೆ, ಜೀವ ಇರುವುದಿಲ್ಲ. ಚಿಕ್ಕವಳಿದ್ದಾಗ ಅದನ್ನು ಓದಿ ನಾನು ಊಟ ಬಿಟ್ಟಿದ್ದೆ. ಮೊದಲ ಸಲ ಓದುವಾಗ, ಬೆಕ್ಕಿನ ಗಾಯ ಇನ್ನೂ ಹಸಿಯಾಗಿದ್ದ ಮಗಳಿಗೆ ಅದನ್ನು ಓದುವ ಧೈರ್ಯವಾಗಲಿಲ್ಲ. ಆ ಹಾಳೆಗಳನ್ನು ಒಟ್ಟು ಸೇರಿಸಿ ನಾಲ್ಕು ಕಡೆ ಸ್ಟೇಪ್ಲರ್ ಪಿನ್ ಹೊಡೆದೆ. ಹಗ್ಗ ಕಚ್ಚಿ ಕಚ್ಚಿ ನೀರುನಾಯಿಗೆ ಹಲ್ಲುನೋವು ಬಂತು, ಅದು ಮದ್ದು ಮಾಡಿಸಿಕೊಳ್ಳಲು ಊರಿಗೆ ಹೋಯಿತು ಎಂದು ಹೇಳಿ ಹದಿಮೂರಕ್ಕೆ ಹಾರಿದೆ. ಕೊನೆಯ ಔತಣದಲ್ಲಿ ಎಲ್ಲರೂ ಉಣ್ಣಲು ಕುಳಿತಾಗ, ದವಡೆಗೆ ಬಟ್ಟೆ ಕಟ್ಟಿಕೊಂಡು ಗೊಣಗುತ್ತಾ ಅದನ್ನು ವಾಪಸ್ಸು ತಂದೆ. ಧನ್ಯಾಳಿಗೆ ಇಡೀ ಕಥೆಯಲ್ಲಿ ಅದೇ ಅಚ್ಚುಮೆಚ್ಚು. ವರ್ಷಕ್ಕೆರಡು ಸಲವಾದರೂ ಓದಿಸಿಕೊಳ್ಳುತ್ತಿದ್ದಳು.

ಎರಡನೆಯ ಕಿಮೋ ಆದ ಮೇಲೆ ನನ್ನ ಬಾಯಿ ತುಂಬ ಹುಣ್ಣಾಯಿತು. ನೀರು ಕುಡಿದರೂ ಉರಿ. ಓದಲು ಆಗುತ್ತಿರಲಿಲ್ಲ. ಓದುವುದು ನಿಂತಾಗ ಧನ್ಯಾಳ ಮುಖ ಬಾಡಿತು. ಸುಧಾಕರ್ ಒಂದು ಸಂಜೆ ಓದಲು ಪ್ರಯತ್ನಿಸಿದರು. ಅವರು ಓದಿದರೆ ಬ್ಯಾಟರಿಯ ವಾರಂಟಿ ಕಾರ್ಡ್ ಓದಿದ ಹಾಗೆ ಕೇಳುತ್ತದೆ ಎಂದು ಮಗಳು ಬೇಡವೆಂದಳು. ಅವರೇ ಮೊಬೈಲಿನಲ್ಲಿ ಹುಡುಕಿ ಅದೇ ಕಥೆಯ ಆಡಿಯೊ ಬುಕ್ ತೆಗೆದುಕೊಟ್ಟರು. ಓದಿದವರು ಯಾರೋ ಹೆಂಗಸು, ತುಂಬ ಒಳ್ಳೆಯ ದನಿ. ಅವರ ರೂನಾ ನನ್ನ ರೂನಾಳಿಗಿಂತ ಧೈರ್ಯದವಳು. ಶಾಲೆ ಬಿಟ್ಟು ಬಂದ ಮೇಲೆ ಧನ್ಯಾ ನನ್ನ ಪಕ್ಕ ಮಲಗುತ್ತಿದ್ದಳು, ಮಧ್ಯೆ ಮೊಬೈಲು. ಇಬ್ಬರೂ ಮಾತಿಲ್ಲದೆ ಕೇಳುತ್ತಿದ್ದೆವು. ಆ ಒಂದು ಗಂಟೆ ಮಾತ್ರ ನನ್ನ ಮೈ ನನಗೆ ಭಾರವಾಗುತ್ತಿರಲಿಲ್ಲ. ಕಾಯಿಲೆ ಬಿದ್ದವರಿಗೆ ಯಾರಾದರೂ ಕಥೆ ಹೇಳಬೇಕು, ಪ್ರಶ್ನೆ ಕೇಳಬಾರದು. ಅದು ನನಗೆ ಅಲ್ಲಿ ಗೊತ್ತಾಯಿತು.

ಹನ್ನೆರಡನೆಯದು ಬರುವಾಗ ಮೊಬೈಲಿನಲ್ಲೂ ಹಾರಿಸಿಬಿಡುವುದೆಂದು ನಾನು ಎಣಿಸಿದ್ದೆ. ಆದರೆ ಅದು ಮೂರನೆಯ ಕಿಮೋ ಆದ ಮರುದಿನ, ಶನಿವಾರ ಮಧ್ಯಾಹ್ನ. ವಾಂತಿಗೆ ಕೊಟ್ಟ ಮಾತ್ರೆಯ ಮಂಪರು. ಹತ್ತನೆಯ ಅಧ್ಯಾಯದ ಕೊನೆಗೆ ನನಗೆ ನಿದ್ದೆ ಹತ್ತಿತು. ಎಚ್ಚರಾದಾಗ ಕೋಣೆಯಲ್ಲಿ ಸದ್ದಿರಲಿಲ್ಲ. ಮೊಬೈಲು ಮಂಚದ ಮೇಲಿತ್ತು. ಧನ್ಯಾ ಕೆಳಗೆ ನೆಲದಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದಳು.

"ಅಮ್ಮ, ನೀರುನಾಯಿಗೆ ಹಲ್ಲುನೋವು ಅಲ್ವಾ?"

ಹೇಳಬಹುದಿತ್ತು. ಅವಳನ್ನು ಹತ್ತಿರ ಕರೆದು, ಹೌದು ಮಗಾ, ಅದು ಸತ್ತಿತು, ನಿನಗೆ ಬೇಜಾರಾಗುತ್ತದೆಂದು ನಾನು ಓದಲಿಲ್ಲ ಎನ್ನಬಹುದಿತ್ತು. ಅಷ್ಟು ಹೇಳಿದ್ದರೆ ಉಳಿದದ್ದನ್ನೂ ಹೇಳುವ ದಾರಿ ತೆರೆಯುತ್ತಿತ್ತು. ನಾನು ಮಾಡಿದ್ದು ಬೇರೆ. "ಆಡಿಯೊದವರು ಹಾಗೆಲ್ಲ ಬದಲಿಸುತ್ತಾರೆ. ನಮ್ಮ ಪುಸ್ತಕದಲ್ಲಿ ಹಲ್ಲುನೋವೇ" ಎಂದೆ.

"ಕೊನೆಗೆ ಊಟಕ್ಕೆ ಬರುತ್ತದಾ?"

"ಬರುತ್ತದೆ."

ಅವಳು ಎದ್ದು ಹೋದಳು. ಮರುದಿನ ಕಪಾಟಿನಲ್ಲಿ ಪುಸ್ತಕ ತಲೆಕೆಳಗಾಗಿ ನಿಂತಿತ್ತು. ತೆಗೆದು ನೋಡಿದೆ. ಪಿನ್ನುಗಳಿರಲಿಲ್ಲ. ಹಾಳೆ ಒಂದಿಷ್ಟೂ ಹರಿಯದಂತೆ, ಉಗುರಿನಿಂದ ಒಂದೊಂದನ್ನೇ ಬಿಡಿಸಿದ್ದಳು. ಅಲ್ಲಿ ಸಣ್ಣ ತೂತುಗಳು ಮಾತ್ರ ಉಳಿದಿದ್ದವು. ಪುಸ್ತಕವನ್ನು ನೆಟ್ಟಗೆ ಮಾಡಿ ಮತ್ತೆ ಕಪಾಟಿನಲ್ಲಿಟ್ಟೆ. ಆ ಮೇಲೆ ನಾವಿಬ್ಬರೂ ಒಟ್ಟಿಗೆ ಕಥೆ ಕೇಳಲಿಲ್ಲ. ಕರೆದರೆ, "ಹೋಮ್‌ವರ್ಕ್ ಉಂಟು ಅಮ್ಮ" ಎನ್ನುತ್ತಿದ್ದಳು.

ಅಂದಿನಿಂದ ಧನ್ಯಾ ಬಹಳ ಒಳ್ಳೆಯ ಹುಡುಗಿಯಾದಳು. ಹಟವಿಲ್ಲ, ಅಳುವಿಲ್ಲ, ತಟ್ಟೆಯಲ್ಲಿ ಬಡಿಸಿದ್ದನ್ನು ಉಂಡು ತೊಳೆದಿಡುವುದು. ಶಸ್ತ್ರಚಿಕಿತ್ಸೆಗೆಂದು ನಾನು ಮಣಿಪಾಲದಲ್ಲಿ ದಾಖಲಾದಾಗ ಅವಳಿಗೆ ಹೇಳಿದ್ದು ಪಿತ್ತಕೋಶದ ಕಲ್ಲು ಎಂದು. ಎಡಗೈ ಎತ್ತಲಾಗದೆ ನಾನು ಮನೆಗೆ ಬಂದಾಗಲೂ ಅವಳು ಒಂದು ಪ್ರಶ್ನೆ ಕೇಳಲಿಲ್ಲ. "ಎಷ್ಟು ಹೊಂದಿಕೊಂಡಿದ್ದಾಳೆ ನೋಡು, ಹೇಳದಿದ್ದದ್ದು ಒಳ್ಳೆಯದಾಯಿತು" ಎಂದಳು ಜಯಕ್ಕ. ನಾನು ಹೌದೆಂದೆ. ಈ ಬರಹ ಓದುತ್ತಿರುವ ತಾಯಂದಿರಲ್ಲಿ ಯಾರಾದರೂ ಇಂಥ ಒಳ್ಳೆಯತನ ಕಂಡು ಸಮಾಧಾನಪಟ್ಟಿದ್ದರೆ, ನಾನೂ ಪಟ್ಟಿದ್ದೆ ಎಂದು ತಿಳಿಯಲಿ. ಒಂಬತ್ತು ವರ್ಷದ ಮಗು ಹಟ ಮಾಡುವುದನ್ನು ನಿಲ್ಲಿಸಿದರೆ ತಾಯಿಗೆ ಹೆದರಿಕೆಯಾಗಬೇಕು. ನನಗೆ ಆಗಲಿಲ್ಲ.

ರೇಡಿಯೇಷನ್‌ಗೆ ವಾರದಲ್ಲಿ ಐದು ದಿನ ಬಸ್ಸು ಹಿಡಿದು ಹೋಗಿ ಬಂದೆ. ಅದೂ ಮುಗಿಯಿತು. ಕೂದಲು ಬಂತು, ಮೊದಲಿಗಿಂತ ಗುಂಗುರಾಗಿ. ಮುದ್ರಣಾಲಯಕ್ಕೆ ವಾಪಸ್ಸಾದೆ. ಕಾಮಾಲೆ ವಾಸಿಯಾಯಿತೆಂದು ವಿಮಲಕ್ಕ ತಾವೇ ಬಂಗುಡೆ ಹುರಿದು ತಂದುಕೊಟ್ಟರು. ಇನ್ನು ಯಾರಿಗೂ ಏನೂ ಹೇಳುವುದೇ ಬೇಡ, ಎಲ್ಲ ಮುಗಿಯಿತು ಎಂದುಕೊಂಡೆ.

ಒಂದೂವರೆ ವರ್ಷದ ಮೇಲೆ ಬೆನ್ನು ನೋಯತೊಡಗಿತು. ಕಂಪ್ಯೂಟರ್ ಮುಂದೆ ಕುಳಿತು ಕುಳಿತು ಎಂದು ಎಣ್ಣೆ ತಿಕ್ಕಿದೆ. ಎರಡು ತಿಂಗಳು ಹಾಗೆಯೇ ಕಳೆದು, ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಅದು ಬೆನ್ನೆಲುಬಿಗೆ ಬಂದಿತ್ತು. ಡಾಕ್ಟರಮ್ಮ ಈ ಸಲ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕುಳಿತರು. "ಪೂರ್ತಿ ಹೋಗುವುದಿಲ್ಲ ಶೋಭಾ. ಹಿಡಿದಿಟ್ಟುಕೊಳ್ಳುವ. ಎಷ್ಟು ಸಮಯ ಅಂತ ನನಗೂ ಹೇಳಲಿಕ್ಕೆ ಆಗುವುದಿಲ್ಲ" ಎಂದರು. ಅಂದಿನಿಂದ ದಿನಾ ಮಾತ್ರೆ, ತಿಂಗಳಿಗೊಂದು ಇಂಜೆಕ್ಷನ್. ಈಗಲೂ ಅದೇ ನಡೆಯುತ್ತಿದೆ. ನೋವು ಇದೆ, ಕೆಲಸವೂ ಇದೆ. ಎರಡಕ್ಕೂ ಒಗ್ಗಿಕೊಂಡಿದ್ದೇನೆ.

ಮೊದಲ ಇಂಜೆಕ್ಷನ್ ದಿನ ಟೋಕನ್ ಹಿಡಿದು ಕುಳಿತಿದ್ದಾಗ ಪಕ್ಕದಲ್ಲಿ ಒಬ್ಬ ಹೆಂಗಸಿದ್ದಳು. ಕೊಪ್ಪಳದ ಕಡೆಯವಳು. ಹೆಸರು ಶಾಂತವ್ವ. ಗಂಡ ಹೆಂಡತಿ ಇಬ್ಬರೂ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು. ಅವಳಿಗೂ ನನ್ನದೇ ಕಾಯಿಲೆ. ಗಂಟೆಗಟ್ಟಲೆ ಕಾಯುವಾಗ ಅವಳು ಬುತ್ತಿ ಬಿಚ್ಚಿ ನನಗೂ ಅರ್ಧ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಮಕ್ಕಳೆಷ್ಟು ಎಂದು ಕೇಳಿದಳು. ಒಬ್ಬಳು ಮಗಳು, ಅವಳಿಗೆ ಏನೂ ಗೊತ್ತಿಲ್ಲ ಎಂದೆ.

"ಗೊತ್ತಿಲ್ಲಂದ್ರ ಹೆಂಗ್ರಿ ಅಕ್ಕಾರ? ಒಂದ ಮನ್ಯಾಗ ಇರ್ತೀರಿ" ಎಂದಳು ಶಾಂತವ್ವ. "ನಾ ನನ್ನ ಹುಡುಗ್ಯಾರನ್ನ ಕುಂದ್ರಿಸಿ ಹೇಳೀನಿ. ನಿಮ್ಮವ್ವಗ ಹಿಂಗಾಗೇತಿ, ಉಳಿದ್ರ ಉಳದೆ, ಹೋದ್ರ ಹೋದೆ ಅಂತ. ಒಂದಿನ ಭಾಳ ಅತ್ತರು. ಮರುದಿನ ದೊಡ್ಡಾಕಿ ಬಂದು, ಹಂಗಿದ್ರ ನನಗ ರೊಟ್ಟಿ ಬಡಿಯೋದು ಕಲಿಸವ್ವ ಅಂದ್ಲು. ನೀವು ಈಗ ತಿಂದದ್ದು ಆಕೀದ."

ನನ್ನ ಮಗಳಿಗೆ ನನ್ನಿಂದ ಏನನ್ನಾದರೂ ಕಲಿತುಕೊಳ್ಳಬೇಕೆಂದಿದ್ದರೆ ಅದಕ್ಕೂ ನಾನು ಸಮಯ ಕೊಟ್ಟಿಲ್ಲ ಎಂಬುದು ಆಗ ಹೊಳೆಯಿತು. ಬಸ್ಸಿನಲ್ಲಿ ಬರುವಾಗ ಸುಧಾಕರ್‌ಗೆ ಫೋನ್ ಮಾಡಿ, ಇವತ್ತು ಧನ್ಯಾಳಿಗೆ ಹೇಳುತ್ತೇನೆ ಎಂದೆ. "ಅಕ್ಕನನ್ನು ಒಂದು ಮಾತು ಕೇಳುವುದಾ?" ಎಂದರು. ಬೇಡ ಎಂದೆ. "ಹಾಗಾದರೆ ನೀನೇ ಹೇಳು. ನನ್ನಿಂದ ಆಗುವುದಿಲ್ಲ" ಎಂದು ಫೋನ್ ಇಟ್ಟರು.

ಧನ್ಯಾಳಿಗೆ ಆಗ ಹನ್ನೊಂದು ತುಂಬಿತ್ತು. ಶಾಲೆಯಿಂದ ಬಂದು ಅವಲಕ್ಕಿ ತಿಂದು ಮುಗಿಸುವವರೆಗೆ ಕಾದೆ. ಹಿಂದಿನ ಜಗಲಿಯಲ್ಲಿ ಅವಳನ್ನು ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಹೇಳಿದೆ. ಕಾಮಾಲೆ ಇರಲಿಲ್ಲ, ತಿರುಪತಿಗೆ ಹೋಗಲಿಲ್ಲ, ಕಲ್ಲು ಇರಲಿಲ್ಲ. ಇದ್ದದ್ದು ಕ್ಯಾನ್ಸರ್. ಈಗ ಮತ್ತೆ ಬಂದಿದೆ, ಬೆನ್ನಿಗೆ. ಔಷಧಿ ಇದೆ. ಆದರೆ ಪೂರ್ತಿ ವಾಸಿಯಾಗುವುದಿಲ್ಲವಂತೆ. ಒಂದನ್ನೂ ಬಿಡಲಿಲ್ಲ.

ಅವಳು ಸ್ಕೂಲ್ ಬ್ಯಾಗಿನ ಜಿಪ್ ಎಳೆಯುತ್ತಾ ಬಿಡುತ್ತಾ ಕೇಳಿಸಿಕೊಂಡಳು. ಆಮೇಲೆ, "ನನಗೆ ಗೊತ್ತುಂಟು ಅಮ್ಮ" ಎಂದಳು.

"ಯಾವಾಗಿನಿಂದ?"

"ನಾಲ್ಕನೆಯ ಕ್ಲಾಸಿನಿಂದ. ದೊಡ್ಡಮ್ಮ ಇಲ್ಲಿಗೆ ಬಂದಿದ್ದಾಗ ಫೋನಿನಲ್ಲಿ ಪಪ್ಪನಿಗೆ ಹೇಳುವುದು ಕೇಳಿಸಿತು."

"ಮತ್ತೆ ನನ್ನ ಹತ್ತಿರ ಯಾಕೆ ಕೇಳಲಿಲ್ಲ ಮಗಾ?"

"ನೀರುನಾಯಿಯದ್ದು ಕೇಳಿದೆ. ನೀನು ಹೇಳಲಿಲ್ಲ. ಮತ್ತೆ ಇದನ್ನು ಕೇಳಿದರೆ ನಿನಗೆ ಇನ್ನೊಂದು ಕಥೆ ಕಟ್ಟಲಿಕ್ಕೆ ಕಷ್ಟ ಆಗುತ್ತದೆ ಅಂತ ಬಿಟ್ಟೆ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. "ಎರಡು ವರ್ಷ ನೀನೊಬ್ಬಳೇ ಎಂತ ಮಾಡಿದಿ?" ಎಂದು ಕೇಳಿದೆ.

"ಹನ್ನೆರಡನೆಯ ಅಧ್ಯಾಯ ಕೇಳುತ್ತಿದ್ದೆ. ದಿನಾ. ನೀನು ಕೆಲಸದಿಂದ ಬರುವ ಮೊದಲು, ಪಪ್ಪನ ಹಳೆಯ ಮೊಬೈಲಿನಲ್ಲಿ."

"ಅದನ್ನೇ ಯಾಕೆ?"

"ನೀನು ಸತ್ತರೆ ಅಂತ." ಅವಳು ಲೆಕ್ಕ ವಿವರಿಸುವವರ ಹಾಗೆ ನಿಧಾನವಾಗಿ ಹೇಳಿದಳು. "ಅಭ್ಯಾಸ ಬೇಕಲ್ಲ. ಮೊದಲು ಹಗ್ಗ ಕಚ್ಚುವಲ್ಲಿಯೇ ಅಳು ಬರುತ್ತಿತ್ತು. ಮತ್ತೆ ಅಲ್ಲಿ ನಿಂತಿತು, ಬೆಳಿಗ್ಗೆ ಆಗುವಲ್ಲಿ ಬರುತ್ತಿತ್ತು. ಈಗ ಪೂರ್ತಿ ಕೇಳಿದರೂ ಬರುವುದಿಲ್ಲ. ಬೇಕಾದರೆ ನೋಡು."

ಒಳಗೆ ಹೋಗಿ ಮೊಬೈಲು ತಂದು ನಮ್ಮಿಬ್ಬರ ನಡುವೆ ಇಟ್ಟಳು. ಅದೇ ಹೆಂಗಸಿನ ದನಿ. ಸುಳಿ ಬಂತು, ದೋಣಿ ತಿರುಗಿತು, ಮುದಿ ನೀರುನಾಯಿ ಗೊಣಗುತ್ತಾ ಹಗ್ಗ ಕಚ್ಚಿತು. ಧನ್ಯಾ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ನಾನು ನೋಡಲೆಂದು ಮುಖ ನನ್ನ ಕಡೆಗೇ ಇಟ್ಟುಕೊಂಡು ಕುಳಿತಿದ್ದಳು. ತುಟಿ ಮೆಲ್ಲಗೆ ಆಡುತ್ತಿತ್ತು. ಅವಳಿಗೆ ಪ್ರತಿ ಸಾಲೂ ಬಾಯಿಪಾಠವಾಗಿತ್ತು. ಬೆಕ್ಕಿಗಾಗಿ ತಿಂಗಳುಗಟ್ಟಲೆ ಅತ್ತ ನನ್ನ ಮಗಳು ನನಗಾಗಿ ಅಳದಿರುವುದನ್ನು ಕಲಿತುಬಿಟ್ಟಿದ್ದಳು. ಕಲಿಯುವಾಗ ಅವಳ ಹತ್ತಿರ ಯಾರೂ ಇರಲಿಲ್ಲ. ನಾನು ಪಕ್ಕದ ಕೋಣೆಯಲ್ಲಿದ್ದ ದಿನಗಳಲ್ಲೂ ಇರಲಿಲ್ಲ. ನನ್ನಿಂದ ಇನ್ನು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡೆ.

"ನಿಲ್ಲಿಸಲಾ ಅಮ್ಮ?" ಎಂದು ಅವಳು ಕೇಳಿದಳು. ಕಣ್ಣು ಒಣಗಿಯೇ ಇತ್ತು.

ಬೇಡವೆಂದು ತಲೆಯಾಡಿಸಿದೆ. ಎರಡು ವರ್ಷ ಅವಳು ಒಬ್ಬಳೇ ಕೇಳಿದ್ದನ್ನು ಆ ಸಂಜೆ ನಾನು ಕೊನೆಯವರೆಗೆ ಕೇಳಿದೆ.